ಮಾತ್ರೆ ಬಗ್ಗೆ ಪ್ರಶ್ನೆ ಕೇಳಿದ ಹಾಡುಗಾರ: ಮೈಕೆಲ್ ಕ್ಯಾಲೆನ್

ನಾವು ಸರ್ಕಾರವನ್ನು ಪ್ರಶ್ನೆ ಮಾಡೋ ತಲೆಮಾರು. ಮಂತ್ರಿಗಳ ಭಾಷಣದಲ್ಲಿ ಸುಳ್ಳು ಹುಡುಕ್ತೀವಿ, ಬಜೆಟ್ ಪುಸ್ತಕ ಓದ್ತೀವಿ, ಆರ್‌ಟಿಐ ಅರ್ಜಿ ಹಾಕ್ತೀವಿ. ಇಷ್ಟೆಲ್ಲ ಬಾಯಿ ಇರೋ ನಾವು ಆಸ್ಪತ್ರೆಯಲ್ಲಿ ಡಾಕ್ಟರ್ ಎದುರು ಕೂತಾಗ ಮಾತ್ರ ಹೆಡ್‌ಮಾಸ್ಟರ್ ರೂಮಿಗೆ ಕರೆಸಿಕೊಂಡ ಮಕ್ಕಳ ಥರ ಆಗಿಬಿಡ್ತೀವಿ. ಈ ಮಾತ್ರೆ ಯಾಕೆ, ಇದರಿಂದ ನನಗೆ ತಲೆ ತಿರುಗ್ತಿದೆ, ಬದಲಾಯಿಸೋಕೆ ಆಗುತ್ತಾ ಅಂತ ಕೇಳೋಕೆ ನಾಲಗೆ ಏಳಲ್ಲ. ವೈದ್ಯರನ್ನು ನಾರಾಯಣನ ಜಾಗದಲ್ಲಿ ಕೂರಿಸಿರುವ ಸಮಾಜ ನಮ್ಮದು. ದೇವರ ಮುಂದೆ ಕೈಮುಗಿಯಬಹುದು, ಚರ್ಚೆ ಮಾಡೋಕಾಗುತ್ತಾ?

ನಾನು ಎಚ್‌ಐವಿಯೊಂದಿಗೆ ಬದುಕುತ್ತಿರುವ ವ್ಯಕ್ತಿ. ವರ್ಷಗಳಿಂದ ದಿನಾ ಒಂದು ಮಾತ್ರೆ ನುಂಗ್ತಿದ್ದೀನಿ. ನನ್ನಂಥವರಿಗೆ ಔಷಧಿ ಬದಲಾವಣೆಯ ಬಗ್ಗೆ ಡಾಕ್ಟರ್ ಜೊತೆ ಮಾತಾಡೋದು ಕೆಲಸ ಉಳಿಸಿಕೊಳ್ಳುವ, ನಿದ್ದೆ ಉಳಿಸಿಕೊಳ್ಳುವ, ಕೆಲವು ಸಲ ಜೀವ ಉಳಿಸಿಕೊಳ್ಳುವ ಮಾತು. ರೋಗಿ ಕೂಡ ತನ್ನ ಚಿಕಿತ್ಸೆಯ ತೀರ್ಮಾನದಲ್ಲಿ ಪಾಲುದಾರ ಅನ್ನೋ ವಿಚಾರ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ ನನಗೆ ಸಿಕ್ಕವನು ಮೈಕೆಲ್ ಕ್ಯಾಲೆನ್. ನ್ಯೂಯಾರ್ಕ್‌ನ ಹಾಡುಗಾರ. ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಏಡ್ಸ್ ಚಳವಳಿಯ ಇತಿಹಾಸ ಓದಿದವರಿಗೆಲ್ಲ ಪರಿಚಿತ ಹೆಸರು. ಕನ್ನಡದಲ್ಲಿ ಆತನ ಬಗ್ಗೆ ಅಷ್ಟಾಗಿ ಮಾತು ನಡೆದಿಲ್ಲ. ಆತ ಸರಿಯಿದ್ದ ಕಡೆಯಿಂದಲೂ ನಾವು ಕಲಿಯಬೇಕು, ತಪ್ಪಿದ ಕಡೆಯಿಂದಲೂ ಕಲಿಯಬೇಕು. ಅದಕ್ಕೇ ಈ ಬರಹ.

ಸಣ್ಣ ಊರಿನ ಹುಡುಗ

ಕ್ಯಾಲೆನ್ ಹುಟ್ಟಿದ್ದು 1955ರ ಏಪ್ರಿಲ್ 11ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ರೈಸಿಂಗ್ ಸನ್ ಅನ್ನೋ ಪುಟ್ಟ ಊರಲ್ಲಿ, ಓಹಿಯೋ ನದಿಯ ದಂಡೆ ಮೇಲೆ. ಬೆಳೆದದ್ದು ಪಕ್ಕದ ಓಹಿಯೋ ರಾಜ್ಯದ ಹ್ಯಾಮಿಲ್ಟನ್‌ನಲ್ಲಿ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದ. 1970ರ ದಶಕದ ಕೊನೆಯ ಹೊತ್ತಿಗೆ ನ್ಯೂಯಾರ್ಕ್ ಸೇರಿದ. ಹೊಟ್ಟೆಪಾಡಿಗೆ ಕಚೇರಿ ಕೆಲಸ, ಮನಸ್ಸಿಗೆ ಹಾಡು. ಗಂಡಸರಿಗೆ ಅಪರೂಪವಾದ ಎತ್ತರದ ಸ್ಥಾಯಿಯ ಕಂಠ ಆತನದು.

1969ರ ಸ್ಟೋನ್‌ವಾಲ್ ದಂಗೆಯ ನಂತರದ ನ್ಯೂಯಾರ್ಕ್ ಅದು. ಊರು ಬಿಟ್ಟು ಬಂದ ಗೇ ಹುಡುಗರಿಗೆ ಮೊದಲ ಸಲ ಮುಚ್ಚುಮರೆಯಿಲ್ಲದೆ ಉಸಿರಾಡೋಕೆ ಸಿಕ್ಕ ಜಾಗ. ಅಲ್ಲಿವರೆಗೆ ಕಾನೂನು, ಚರ್ಚು, ಮನೆ ಮೂರೂ ಸೇರಿ ಅದುಮಿಟ್ಟಿದ್ದ ದೇಹಕ್ಕೆ ಬಿಡುಗಡೆ ಸಿಕ್ಕಿತ್ತು. ಲೈಂಗಿಕ ಸ್ವಾತಂತ್ರ್ಯವೇ ರಾಜಕೀಯ ಅಂತ ನಂಬಿದ ಸಾವಿರಾರು ಜನರಲ್ಲಿ ಕ್ಯಾಲೆನ್ ಕೂಡ ಒಬ್ಬ. ಆ ಬದುಕಿನ ಬಗ್ಗೆ ಆತ ಮುಂದೆ ಏನನ್ನೂ ಬಚ್ಚಿಡದೆ ಬರೆದ. ಸಂಗಾತಿಗಳೆಷ್ಟು, ಬಂದ ಲೈಂಗಿಕ ಸೋಂಕುಗಳೆಷ್ಟು ಅನ್ನೋ ಲೆಕ್ಕವನ್ನೂ ಜನರ ಮುಂದಿಟ್ಟ.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಚಿಕ್ಕ ವರದಿ ಪ್ರಕಟಿಸಿತು. ಲಾಸ್ ಏಂಜಲೀಸ್‌ನ ಐದು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿದೆ, ಐದೂ ಜನ ಸಲಿಂಗಪ್ರೇಮಿಗಳು ಅನ್ನೋದು ಅದರ ಸಾರ. ಆ ಕಾಯಿಲೆಗೆ ಏಡ್ಸ್ ಅಂತ ಹೆಸರು ಬಂದಿದ್ದು 1982ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ, 27ರ ವಯಸ್ಸಿನ ಕ್ಯಾಲೆನ್ ಆಸ್ಪತ್ರೆ ಸೇರಿದ. ಸಾಮಾನ್ಯವಾಗಿ ದನಕರುಗಳಲ್ಲಿ ಕಾಣಿಸುವ ಒಂದು ಪರಾವಲಂಬಿ ಜೀವಿ ಆತನ ಕರುಳಲ್ಲಿ ಸೇರಿಕೊಂಡು ನಿಲ್ಲದ ಭೇದಿ ತಂದಿತ್ತು. ಆಗ ಈ ಕಾಯಿಲೆಗೆ ಪರೀಕ್ಷೆ ಇರಲಿಲ್ಲ, ಔಷಧಿ ಇರಲಿಲ್ಲ, ಕಾರಣವೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಇದು ಬಂದವರು ಬೇಗ ಸಾಯ್ತಾರೆ.

ವಾದ ಮಾಡೋಕೆ ಬಿಟ್ಟ ಡಾಕ್ಟರ್

ಕ್ಯಾಲೆನ್ ಬದುಕನ್ನು ಆತನ ಡಾಕ್ಟರ್ ಹೆಸರಿಲ್ಲದೆ ಹೇಳೋಕಾಗಲ್ಲ. ಜೋಸೆಫ್ ಸೊನ್ನಬೆಂಡ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ವೈರಸ್ ಸಂಶೋಧನೆ ಮಾಡಿ, ಆಮೇಲೆ ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ ಕ್ಲಿನಿಕ್ ಇಟ್ಟವರು. ಪ್ರಯೋಗಾಲಯ ಗೊತ್ತಿದ್ದ, ಬೀದಿಯೂ ಗೊತ್ತಿದ್ದ ವೈದ್ಯರು. ರೋಗಿಗಳ ಜೊತೆ ವೈದ್ಯಕೀಯ ಸಂಶೋಧನಾ ಲೇಖನಗಳ ಬಗ್ಗೆ ಮಾತಾಡೋರು, ವಾದಕ್ಕೆ ಅವಕಾಶ ಕೊಡೋರು.

ತಮ್ಮ ಇನ್ನೊಬ್ಬ ರೋಗಿ ರಿಚರ್ಡ್ ಬರ್ಕೊವಿಟ್ಸ್‌ಗೆ ಕ್ಯಾಲೆನ್‌ನನ್ನು ಪರಿಚಯ ಮಾಡಿಸಿದ್ದೂ ಸೊನ್ನಬೆಂಡ್ ಅವರೇ. ಇಬ್ಬರೂ ಸೇರಿ 1983ರ ಮೇ ತಿಂಗಳಲ್ಲಿ 40 ಪುಟದ ಒಂದು ಕಿರುಹೊತ್ತಿಗೆ ತಂದರು. ಸಾಂಕ್ರಾಮಿಕದ ಕಾಲದಲ್ಲಿ ಲೈಂಗಿಕ ಬದುಕು ಹೇಗಿರಬೇಕು ಅನ್ನೋದು ವಿಷಯ. ವೈದ್ಯಕೀಯ ಸಲಹೆ ಸೊನ್ನಬೆಂಡ್ ಅವರದು. ಗೇ ಗಂಡಸರಿಗೆ ಕಾಂಡೋಮ್ ಬಳಸಿ ಅಂತ ಬಿಡಿಸಿ ಹೇಳಿದ ಮೊಟ್ಟಮೊದಲ ಪ್ರಕಟಣೆಗಳಲ್ಲಿ ಅದೂ ಒಂದು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಹೊಸ ವೈರಸ್ ಬಗ್ಗೆ ಮೊದಲ ವರದಿ ಪ್ರಕಟಿಸಿದ್ದೂ ಅದೇ ತಿಂಗಳು. ಅಂದರೆ ಕಾಯಿಲೆಯ ಕಾರಣ ಖಚಿತವಾಗೋ ಮೊದಲೇ, ಇಬ್ಬರು ರೋಗಿಗಳು ಮತ್ತು ಒಬ್ಬ ವೈದ್ಯರು ಕೂತು ಮಾತಾಡಿ, ಮುಂದೆ ಲಕ್ಷಾಂತರ ಜೀವ ಉಳಿಸಿದ ಸಲಹೆಯನ್ನು ಅಚ್ಚು ಹಾಕಿಸಿದ್ದರು. ಸರ್ಕಾರ ಆಗ ಏನು ಮಾಡ್ತಿತ್ತು? ಅಧ್ಯಕ್ಷ ರೇಗನ್ ಏಡ್ಸ್ ಅನ್ನೋ ಪದವನ್ನು ಸಾರ್ವಜನಿಕವಾಗಿ ಬಳಸೋಕೆ ಇನ್ನೂ ಎರಡು ವರ್ಷ ಬೇಕಾಗಿತ್ತು.

ಡೆನ್ವರ್‌ನಲ್ಲಿ ಬರೆದ ಒಂದು ಹಾಳೆ

1983ರ ಜೂನ್‌ನಲ್ಲಿ ಕೊಲರಾಡೋ ರಾಜ್ಯದ ಡೆನ್ವರ್ ನಗರದಲ್ಲಿ ಗೇ ಮತ್ತು ಲೆಸ್ಬಿಯನ್ ಆರೋಗ್ಯ ಸಮ್ಮೇಳನ ನಡೀತು. ವೈದ್ಯರು, ನರ್ಸ್‌ಗಳು, ಸಂಶೋಧಕರು ಬಂದಿದ್ದರು. ಕಾಯಿಲೆ ಬಂದವರೂ ಹತ್ತು ಹನ್ನೆರಡು ಜನ ಬಂದಿದ್ದರು. ನ್ಯೂಯಾರ್ಕ್‌ನಿಂದ ಕ್ಯಾಲೆನ್, ಬರ್ಕೊವಿಟ್ಸ್ ಮತ್ತಿತರರು, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಾಬಿ ಕ್ಯಾಂಪ್‌ಬೆಲ್ ಮತ್ತು ಗೆಳೆಯರು. ಕ್ಯಾಂಪ್‌ಬೆಲ್ ಸ್ವತಃ ನರ್ಸ್. ಇವರೆಲ್ಲ ಒಂದು ಕೋಣೆಯಲ್ಲಿ ಕೂತು ತಮ್ಮ ಹಕ್ಕುಗಳ ಪಟ್ಟಿ ಮಾಡಿದರು. ಸಮ್ಮೇಳನ ಮುಗಿಯೋ ಹೊತ್ತಿಗೆ ವೇದಿಕೆ ಹತ್ತಿ, ಬ್ಯಾನರ್ ಹಿಡಿದು, ಒಬ್ಬೊಬ್ಬರು ಒಂದೊಂದು ಅಂಶ ಓದಿದರು. ಅದನ್ನೇ ಇವತ್ತು ಡೆನ್ವರ್ ತತ್ವಗಳು ಅಂತ ಕರೀತಾರೆ.

ಅದರಲ್ಲಿ ಏನಿತ್ತು ಅನ್ನೋದನ್ನ ನನ್ನ ಮಾತಲ್ಲಿ ಹೇಳ್ತೀನಿ. ನಮ್ಮನ್ನ ಬಲಿಪಶುಗಳು ಅಂತ ಕರೀಬೇಡಿ, ಸೋತವರು ಅನ್ನೋ ಅರ್ಥ ಬರುತ್ತೆ. ರೋಗಿಗಳು ಅನ್ನೋದೂ ನಮಗೆ ಯಾವಾಗಲೂ ಒಪ್ಪುವ ಪದವಲ್ಲ. ನಾವು ಏಡ್ಸ್ ಇರುವ ಮನುಷ್ಯರು. ಚಿಕಿತ್ಸೆ, ಅದರ ಅಪಾಯ ಎಲ್ಲವನ್ನೂ ನಮಗೆ ಪೂರ್ತಿ ವಿವರಿಸಬೇಕು. ಯಾವ ಚಿಕಿತ್ಸೆ ತಗೋಬೇಕು, ಯಾವುದನ್ನ ಬಿಡಬೇಕು ಅಂತ ಆರಿಸುವ ಹಕ್ಕು ನಮಗಿರಬೇಕು. ಸಂಶೋಧನೆಗೆ ಒಪ್ಪಲಿಲ್ಲ ಅನ್ನೋ ಕಾರಣಕ್ಕೆ ಚಿಕಿತ್ಸೆಗೆ ಕುತ್ತು ಬರಬಾರದು. ನಮ್ಮ ಬಗ್ಗೆ ತೀರ್ಮಾನ ಮಾಡುವ ಪ್ರತಿ ಸಮಿತಿಯಲ್ಲೂ ನಾವಿರಬೇಕು.

ಹಾಗೇ ಆ ಹಾಳೆಯಲ್ಲಿ ಜವಾಬ್ದಾರಿಯ ಮಾತೂ ಇತ್ತು. ತಮ್ಮ ಆರೋಗ್ಯ ಸ್ಥಿತಿಯನ್ನು ಸಂಗಾತಿಗಳಿಗೆ ತಿಳಿಸುವ ನೈತಿಕ ಹೊಣೆ ತಮ್ಮ ಮೇಲಿದೆ ಅಂತ ಅವರೇ ಬರೆದುಕೊಂಡಿದ್ದರು. ಹಕ್ಕು ಕೇಳೋರು ಹೊಣೆಯನ್ನೂ ಹೊತ್ತರು ಅನ್ನೋದನ್ನ ನಾವು ಮರೀಬಾರದು. ಬಾಬಿ ಕ್ಯಾಂಪ್‌ಬೆಲ್ 1984ರಲ್ಲೇ ತೀರಿಕೊಂಡರು. ಆ ವೇದಿಕೆ ಮೇಲೆ ನಿಂತವರಲ್ಲಿ ಹಲವರು ಆ ದಶಕ ದಾಟಲಿಲ್ಲ.

1985ರಲ್ಲಿ ಕ್ಯಾಲೆನ್ ಮತ್ತು ಗೆಳೆಯರು ನ್ಯೂಯಾರ್ಕ್‌ನಲ್ಲಿ ಏಡ್ಸ್ ಇರುವವರದ್ದೇ ಒಕ್ಕೂಟ ಕಟ್ಟಿದರು. ಅದರ ಪತ್ರಿಕೆಯನ್ನು ಕ್ಯಾಲೆನ್ ಸಂಪಾದಿಸ್ತಿದ್ದ. ಯಾವ ಔಷಧಿಯ ಪ್ರಯೋಗ ಎಲ್ಲಿ ನಡೀತಿದೆ, ಅಡ್ಡ ಪರಿಣಾಮ ಏನು, ಡಾಕ್ಟರ್ ಹತ್ತಿರ ಏನು ಕೇಳಬೇಕು ಅನ್ನೋ ಮಾಹಿತಿ ಆಸ್ಪತ್ರೆ ಹಾಸಿಗೆಗಳವರೆಗೆ ತಲುಪೋಕೆ ಶುರುವಾಯ್ತು.

ಒಂದು ಹಳೇ ಮಾತ್ರೆ, ಎರಡು ವರ್ಷದ ಕಾಯುವಿಕೆ

ಆ ಕಾಲದಲ್ಲಿ ಏಡ್ಸ್ ಇರುವವರನ್ನು ಅತಿ ಹೆಚ್ಚು ಕೊಲ್ತಿದ್ದ ಕಾಯಿಲೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾ, ಚುಟುಕಾಗಿ ಪಿಸಿಪಿ. ಇದನ್ನು ಬರದಂತೆ ತಡೆಯೋಕೆ ಆಗಲೇ ಒಂದು ಅಗ್ಗದ ಮಾತ್ರೆ ಇತ್ತು. ಹೆಸರು ಕೋಟ್ರೈಮೊಕ್ಸಜೋಲ್, ಅಮೆರಿಕದಲ್ಲಿ ಬ್ಯಾಕ್ಟ್ರಿಮ್ ಅಂತ ಮಾರ್ತಿದ್ದರು. ನಮ್ಮೂರ ಮೆಡಿಕಲ್ ಸ್ಟೋರ್‌ನಲ್ಲಿ ಸೆಪ್ಟ್ರಾನ್ ಅಂದರೆ ಕೊಡ್ತಾರಲ್ಲ, ಅದೇ. ರಕ್ತ ಕ್ಯಾನ್ಸರ್ ಇರುವ ಮಕ್ಕಳಿಗೆ ಈ ಮಾತ್ರೆ ಕೊಟ್ಟರೆ ಪಿಸಿಪಿ ಬರಲ್ಲ ಅಂತ ವಾಲ್ಟರ್ ಹ್ಯೂಸ್ ಅನ್ನೋ ವೈದ್ಯರು 1977ರಲ್ಲೇ ತೋರಿಸಿದ್ದರು. ಸೊನ್ನಬೆಂಡ್ ಅದನ್ನ ಓದಿದ್ದರು. ತಮ್ಮ ರೋಗಿಗಳಿಗೆ ಮೊದಲಿಂದಲೇ ಕೊಡ್ತಾ ಬಂದರು. ಕ್ಯಾಲೆನ್ ಕೂಡ ತಗೊಂಡ. ತಾನು ಅಷ್ಟು ವರ್ಷ ಬದುಕಿದ್ದಕ್ಕೆ ಅದು ದೊಡ್ಡ ಕಾರಣ ಅಂತ ಆತ ನಂಬಿದ್ದ.

ಆದರೆ ದೇಶದ ಬಹಳಷ್ಟು ವೈದ್ಯರು ಇದನ್ನ ಮಾಡ್ತಿರಲಿಲ್ಲ. ಮೇಲಿನಿಂದ ಮಾರ್ಗಸೂಚಿ ಬಂದಿರಲಿಲ್ಲ. 1987ರ ಮೇ ತಿಂಗಳಲ್ಲಿ ಕ್ಯಾಲೆನ್ ಮತ್ತು ಇತರ ಕಾರ್ಯಕರ್ತರು ರಾಷ್ಟ್ರೀಯ ಅಲರ್ಜಿ ಮತ್ತು ಸಾಂಕ್ರಾಮಿಕ ರೋಗ ಸಂಸ್ಥೆಯ ಮುಖ್ಯಸ್ಥ ಆಂಥೋನಿ ಫೌಚಿ ಅವರನ್ನು ಭೇಟಿ ಮಾಡಿದರು. ಪೂರ್ತಿ ಪುರಾವೆ ಬರೋವರೆಗೆ ತಾತ್ಕಾಲಿಕ ಮಾರ್ಗಸೂಚಿಯನ್ನಾದರೂ ಹೊರಡಿಸಿ, ವೈದ್ಯರು ಈ ಮಾತ್ರೆ ಕೊಡೋಕೆ ಶುರು ಮಾಡ್ತಾರೆ ಅನ್ನೋದು ಬೇಡಿಕೆ. ಏಡ್ಸ್ ಇರುವವರ ಮೇಲೆ ನಡೆಸಿದ ಪ್ರಯೋಗದ ಪುರಾವೆ ಇಲ್ಲದೆ ಹಾಗೆ ಮಾಡೋಕಾಗಲ್ಲ ಅನ್ನೋದು ಫೌಚಿ ನಿಲುವು. ಮಾರ್ಗಸೂಚಿ ಬಂದಿದ್ದು 1989ರ ಜೂನ್‌ನಲ್ಲಿ. ನಡುವಿನ ಎರಡು ವರ್ಷದಲ್ಲಿ ಪಿಸಿಪಿಯಿಂದ ಸತ್ತವರು ಸುಮಾರು 17 ಸಾವಿರ ಜನ ಅಂತ ಕ್ಯಾಲೆನ್ ಲೆಕ್ಕ ಹಾಕಿದ. ಆ ಸಂಖ್ಯೆಯನ್ನ ಸಾಯೋವರೆಗೂ ಮರೆಯಲಿಲ್ಲ, ಮರೆಯೋಕೆ ಬಿಡಲೂ ಇಲ್ಲ.

ಪುರಾವೆ ಬೇಕು ಅಂದರೆ ನಾವೇ ತರ್ತೀವಿ ಅಂತ ಹೊರಟಿದ್ದು ಈ ಕತೆಯ ಇನ್ನೊಂದು ಭಾಗ. 1987ರಲ್ಲಿ ಕ್ಯಾಲೆನ್, ಸೊನ್ನಬೆಂಡ್ ಮತ್ತು ವಿಜ್ಞಾನಿ ಮಟಿಲ್ಡಾ ಕ್ರಿಮ್ ಸೇರಿ ಸಮುದಾಯದ ಕ್ಲಿನಿಕ್‌ಗಳಲ್ಲೇ ಔಷಧಿ ಪ್ರಯೋಗ ನಡೆಸುವ ಸಂಸ್ಥೆ ಕಟ್ಟಿದರು. ಪೆಂಟಮಿಡೀನ್ ಅನ್ನೋ ಔಷಧಿಯನ್ನು ಆವಿಯಂತೆ ಉಸಿರಾಡಿ ಪಿಸಿಪಿ ತಡೆಯೋ ವಿಧಾನಕ್ಕೆ 1989ರಲ್ಲಿ ಒಪ್ಪಿಗೆ ಸಿಕ್ಕಾಗ, ಅದಕ್ಕೆ ಆಧಾರವಾಗಿದ್ದು ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಇಂಥ ಸಮುದಾಯ ಸಂಶೋಧನೆಯ ಅಂಕಿಅಂಶ. ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಗಳಿಂದಾಚೆ, ರೋಗಿಗಳು ಮತ್ತು ಅವರ ಮಾಮೂಲಿ ಡಾಕ್ಟರ್‌ಗಳು ಸೇರಿ ವಿಜ್ಞಾನ ಮಾಡಬಹುದು ಅನ್ನೋದು ಸಾಬೀತಾಯ್ತು.

ಇವತ್ತು ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಸಿಡಿ4 ಕಡಿಮೆ ಇರೋರಿಗೆ ಇದೇ ಕೋಟ್ರೈಮೊಕ್ಸಜೋಲ್ ಕೊಡ್ತಾರೆ. ಆ ದೊಡ್ಡ ಬಿಳಿ ಮಾತ್ರೆ ನುಂಗುವಾಗ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಗೊಣಗೋರಿಗೆ ನಾನು ಈ ಕತೆ ಹೇಳ್ತೀನಿ.

ಎಜೆಡ್‌ಟಿ: ಅರ್ಧ ಸರಿ, ಅರ್ಧ ತಪ್ಪು

1987ರ ಮಾರ್ಚ್‌ನಲ್ಲಿ ಎಚ್‌ಐವಿ ವಿರುದ್ಧದ ಮೊದಲ ಔಷಧಿ ಎಜೆಡ್‌ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 282 ಜನರ ಪ್ರಯೋಗದಲ್ಲಿ ಔಷಧಿ ತಗೊಂಡವರಲ್ಲಿ ಒಬ್ಬರು, ಸಪ್ಪೆ ಮಾತ್ರೆ ತಗೊಂಡವರಲ್ಲಿ 19 ಜನ ಸತ್ತಿದ್ದರು. ಹಾಗಾಗಿ ಪ್ರಯೋಗವನ್ನ ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಔಷಧಿ ಕೊಟ್ಟರು. ನಾಲ್ಕು ಗಂಟೆಗೊಮ್ಮೆ, ಮಧ್ಯರಾತ್ರಿಯೂ ಎದ್ದು ತಗೋಬೇಕಿತ್ತು. ದಿನಕ್ಕೆ 1,200 ಮಿಲಿಗ್ರಾಂ. ವರ್ಷಕ್ಕೆ ಸಾವಿರಾರು ಡಾಲರ್ ಖರ್ಚು. ರಕ್ತಹೀನತೆ ಎಷ್ಟಿತ್ತೆಂದರೆ ಹಲವರಿಗೆ ಬೇರೆಯವರ ರಕ್ತ ಏರಿಸಬೇಕಾಗ್ತಿತ್ತು.

ಕ್ಯಾಲೆನ್ ಇದನ್ನ ತಗೊಳ್ಳಲಿಲ್ಲ. ಸೊನ್ನಬೆಂಡ್ ಜೊತೆ ಕೂತು ಪ್ರಯೋಗದ ವರದಿ ಓದಿದ. ಕೆಲವೇ ತಿಂಗಳ ಪ್ರಯೋಗ ನೋಡಿ ಜೀವನಪರ್ಯಂತ ಈ ಪ್ರಮಾಣ ಕೊಡೋದು ಸರಿಯಲ್ಲ, ವಿಷವೇ ಹೆಚ್ಚು ಅನ್ನೋದು ಆತನ ವಾದ. ಇದರಲ್ಲಿ ಸತ್ಯವಿತ್ತು. 1990ರಲ್ಲಿ ಸರ್ಕಾರವೇ ಪ್ರಮಾಣವನ್ನ ಅರ್ಧಕ್ಕೆ ಇಳಿಸಿತು. ಕಾಯಿಲೆಯ ಲಕ್ಷಣ ಇಲ್ಲದವರಿಗೆ ಬೇಗನೇ ಎಜೆಡ್‌ಟಿ ಒಂದನ್ನೇ ಕೊಟ್ಟರೆ ಆಯಸ್ಸು ಹೆಚ್ಚಲ್ಲ ಅಂತ 1993ರಲ್ಲಿ ಯುರೋಪಿನ ಕಾಂಕಾರ್ಡ್ ಪ್ರಯೋಗ ತೋರಿಸಿತು. ವೈರಸ್ ಒಂದೇ ಔಷಧಿಗೆ ಬೇಗ ಒಗ್ಗಿಕೊಂಡು ಬಿಡುತ್ತೆ ಅನ್ನೋದು ಕ್ರಮೇಣ ಎಲ್ಲರಿಗೂ ಅರ್ಥವಾಯ್ತು.

ಆದರೆ ಕ್ಯಾಲೆನ್ ಅಷ್ಟಕ್ಕೇ ನಿಲ್ಲಲಿಲ್ಲ. ಏಡ್ಸ್‌ಗೆ ಎಚ್‌ಐವಿಯೇ ಕಾರಣ ಅನ್ನೋದನ್ನೂ ಅನುಮಾನಿಸಿದ. ಪದೇಪದೇ ಬರುವ ಸೋಂಕುಗಳೆಲ್ಲ ಸೇರಿ ರೋಗನಿರೋಧಕ ಶಕ್ತಿ ಕುಸಿಯುತ್ತೆ ಅನ್ನೋ ಸೊನ್ನಬೆಂಡ್ ಅವರ ಆರಂಭದ ಸಿದ್ಧಾಂತವನ್ನು ಹಿಡಿದುಕೊಂಡ. 1982ರಲ್ಲಿ ಅದು ಯೋಚಿಸಬಹುದಾದ ಊಹೆ. ಆ ದಶಕದ ಕೊನೆಯ ಹೊತ್ತಿಗೆ ಪುರಾವೆ ಬೇರೆಯದನ್ನೇ ಹೇಳ್ತಿತ್ತು. 1990ರಲ್ಲಿ ಬಂದ ಆತನ ಪುಸ್ತಕ ಸರ್ವೈವಿಂಗ್ ಏಡ್ಸ್‌ನಲ್ಲಿ ಬಹಳ ವರ್ಷ ಬದುಕುಳಿದವರ ಸಂದರ್ಶನಗಳಿವೆ, ಅವರಲ್ಲಿ ಹೆಚ್ಚಿನವರು ಎಜೆಡ್‌ಟಿ ತಗೊಂಡಿರಲಿಲ್ಲ ಅನ್ನೋದನ್ನ ಆತ ಎತ್ತಿ ತೋರಿಸ್ತಾನೆ. ಆ ಪುಸ್ತಕ ಸಾವಿರಾರು ಜನರಿಗೆ ಬದುಕುವ ಧೈರ್ಯ ಕೊಟ್ಟಿತು. ಆದರೆ ಅದು ಔಷಧಿಯ ವಿರುದ್ಧ ಪುರಾವೆ ಆಗಲ್ಲ. ಉಳಿದವರನ್ನಷ್ಟೇ ಮಾತಾಡಿಸಿದರೆ ಸತ್ತವರ ಲೆಕ್ಕ ಸಿಗೋದು ಹೇಗೆ?

ಕ್ಯಾಲೆನ್ ವಿಷ ಅಂದ ಅದೇ ಎಜೆಡ್‌ಟಿ, ಆತ ಸತ್ತ ಎರಡೇ ತಿಂಗಳಿಗೆ ಇನ್ನೊಂದು ಮುಖ ತೋರಿಸಿತು. ಗರ್ಭಿಣಿಗೆ ಮತ್ತು ಹುಟ್ಟಿದ ಮಗುವಿಗೆ ಕೊಟ್ಟರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡೋದು ಮೂರನೇ ಎರಡರಷ್ಟು ಕಡಿಮೆಯಾಗುತ್ತೆ ಅಂತ 1994ರ ಫೆಬ್ರುವರಿಯಲ್ಲಿ ಗೊತ್ತಾಯ್ತು. ಮುಂದೆ ಕಡಿಮೆ ಪ್ರಮಾಣದಲ್ಲಿ, ಬೇರೆ ಎರಡು ಔಷಧಿಗಳ ಜೊತೆ ಸೇರಿಸಿ ಕೊಟ್ಟಾಗ ಭಾರತದಲ್ಲೂ ಅದು ಎಷ್ಟೋ ಜನರನ್ನ ಉಳಿಸಿತು.

ಇದು ಬರೀ ಹಳೇ ವಿವಾದ ಅಂದುಕೋಬೇಡಿ. ಎಚ್‌ಐವಿಯನ್ನೇ ಅನುಮಾನಿಸುವ ವಾದವನ್ನ 2000ದ ಆಸುಪಾಸಿನಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ಕೈಗೆತ್ತಿಕೊಂಡರು. ಔಷಧಿ ಹಂಚೋದು ತಡವಾಯ್ತು. ಅದರಿಂದ 3,30,000ಕ್ಕೂ ಹೆಚ್ಚು ಜೀವ ಹೋಯ್ತು ಅಂತ ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಸೊನ್ನಬೆಂಡ್ ಅಂಥ ನಿರಾಕರಣವಾದಿಗಳಿಂದ ದೂರ ಸರಿದರು. ಹೊಸ ಔಷಧಿಗಳು ಬಂದಾಗ ತಮ್ಮ ರೋಗಿಗಳಿಗೆ ಬರೆದುಕೊಟ್ಟರು. ಪುರಾವೆ ಬದಲಾದಾಗ ಅವರು ಅಭಿಪ್ರಾಯ ಬದಲಾಯಿಸಿಕೊಂಡರು. ಕ್ಯಾಲೆನ್‌ಗೆ ಆ ಅವಕಾಶ ಸಿಗಲಿಲ್ಲ.

ಕೊನೇ ಹಾಡುಗಳು

ಇಷ್ಟರ ನಡುವೆ ಆತ ಹಾಡೋದು ಬಿಡಲಿಲ್ಲ. ವಾದ್ಯಗಳಿಲ್ಲದೆ ಬರೀ ಕಂಠದಲ್ಲೇ ಹಾಡುವ ಫ್ಲರ್ಟೇಷನ್ಸ್ ಅನ್ನೋ ಗೇ ಗಾಯಕರ ತಂಡದಲ್ಲಿದ್ದ. ಡ್ರಮ್ಮರ್ ರಿಚರ್ಡ್ ಡ್ವರ್ಕಿನ್ ಆತನ ಬಹುಕಾಲದ ಸಂಗಾತಿ. ಏಡ್ಸ್ ಬಗ್ಗೆ ಹಾಲಿವುಡ್ ಮಾಡಿದ ಫಿಲಡೆಲ್ಫಿಯಾ ಸಿನಿಮಾದಲ್ಲಿ ಆ ತಂಡ ಹಾಡುವ ದೃಶ್ಯವಿದೆ. ಆ ಹೊತ್ತಿಗೆ ಕ್ಯಾಲೆನ್‌ಗೆ ಕಪೋಸಿ ಸಾರ್ಕೋಮಾ ಅನ್ನೋ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಹಾಡುಗಾರನಿಗೆ ಉಸಿರೇ ಕೈಕೊಡ್ತಿತ್ತು. ಆದರೂ ಕೊನೇ ವರ್ಷ ಸ್ಟುಡಿಯೋದಲ್ಲಿ ಕೂತು ಹಾಡುಗಳನ್ನ ರೆಕಾರ್ಡ್ ಮಾಡ್ತಾ ಹೋದ. ಅವು ಲೆಗಸಿ ಅನ್ನೋ ಹೆಸರಲ್ಲಿ 1996ರಲ್ಲಿ ಹೊರಬಂದವು.

ಸಿನಿಮಾ ತೆರೆಕಂಡ ಕೆಲವೇ ದಿನಕ್ಕೆ, 1993ರ ಡಿಸೆಂಬರ್ 27ರಂದು, ಲಾಸ್ ಏಂಜಲೀಸ್‌ನಲ್ಲಿ ಕ್ಯಾಲೆನ್ ತೀರಿಕೊಂಡ. ವಯಸ್ಸು 38. ಕಾಯಿಲೆ ಗೊತ್ತಾದ ಮೇಲೆ ಹನ್ನೊಂದು ವರ್ಷ ಬದುಕಿದ್ದ. ಎರಡು ವರ್ಷ ಕಳೆದು, 1995ರ ಡಿಸೆಂಬರ್‌ನಲ್ಲಿ ಮೊದಲ ಪ್ರೋಟಿಯೇಸ್ ಔಷಧಿಗೆ ಒಪ್ಪಿಗೆ ಸಿಕ್ಕಿತು. ಮೂರು ಔಷಧಿಗಳ ಚಿಕಿತ್ಸೆ ಬಂದು ಸಾವಿನ ಸಂಖ್ಯೆ ಇಳಿಯೋಕೆ ಶುರುವಾಯ್ತು. ನ್ಯೂಯಾರ್ಕ್‌ನಲ್ಲಿ ಇವತ್ತು ಆತನ ಮತ್ತು ಕವಿ ಆಡ್ರೆ ಲಾರ್ಡ್ ಇಬ್ಬರ ಹೆಸರಿಟ್ಟುಕೊಂಡ ಕ್ಯಾಲೆನ್-ಲಾರ್ಡ್ ಆರೋಗ್ಯ ಕೇಂದ್ರ ಇದೆ.

ಡೆನ್ವರ್‌ನಿಂದ ನಮ್ಮ ಎಆರ್‌ಟಿ ಕೇಂದ್ರಕ್ಕೆ

ಡೆನ್ವರ್ ಹಾಳೆಯ ವಿಚಾರವೇ 1994ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ 42 ದೇಶಗಳು ಸಹಿ ಹಾಕಿದ ಘೋಷಣೆಗೆ ಬಂತು. ಎಚ್‌ಐವಿಯೊಂದಿಗೆ ಬದುಕುವವರು ತಮಗೆ ಸಂಬಂಧಿಸಿದ ಕಾರ್ಯಕ್ರಮಗಳಲ್ಲಿ ಪಾಲುಗೊಳ್ಳಬೇಕು ಅನ್ನೋ ತತ್ವ ಅಲ್ಲಿಂದ ಜಗತ್ತಿನ ಆರೋಗ್ಯ ಇಲಾಖೆಗಳಿಗೆ ಹೋಯ್ತು. ಭಾರತದ ಎಆರ್‌ಟಿ ಕೇಂದ್ರಗಳಲ್ಲಿ ಕೇರ್ ಕೋಆರ್ಡಿನೇಟರ್ ಅನ್ನೋ ಹುದ್ದೆಗೆ ನಮ್ಮಂಥವರನ್ನೇ ತಗೊಳ್ತಾರಲ್ಲ, ಅದರ ಬೇರು ಅಲ್ಲಿದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಾಯ್ತು. ಪರೀಕ್ಷೆಗೂ ಚಿಕಿತ್ಸೆಗೂ ತಿಳಿವಳಿಕೆಯ ಒಪ್ಪಿಗೆ ಬೇಕು ಅಂತ ಅದು ಹೇಳುತ್ತೆ. ಬರೀ ಸಹಿ ಅಲ್ಲ, ವಿವರಿಸಿದ ಮೇಲಿನ ಒಪ್ಪಿಗೆ.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ನಿಜದಲ್ಲಿ?

ಸರ್ಕಾರಿ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಶುರುವಾಯ್ತು. ಒಂದು ಕಾಲದಲ್ಲಿ ಟಿಎಲ್‌ಇ ಅನ್ನೋ ಮಾತ್ರೆ ಹೆಚ್ಚಿನವರಿಗೆ ಕೊಡ್ತಿದ್ದರು. ಅದರಲ್ಲಿದ್ದ ಎಫಾವಿರೆಂಜ್‌ನಿಂದ ಕೆಲವರಿಗೆ ತಲೆಸುತ್ತು, ಕೆಟ್ಟ ಕನಸು, ಮನಸ್ಸು ಕುಗ್ಗೋದು. ನನಗೆ ಗೊತ್ತಿರೋ ಗಾರೆ ಕೆಲಸದ ಅಣ್ಣ ಒಬ್ಬರು ಸಾರುವೆ ಮೇಲೆ ನಿಂತಾಗ ತಲೆ ತಿರುಗುತ್ತೆ ಅಂತ ಮಾತ್ರೆ ಬಿಟ್ಟರು. ಡಾಕ್ಟರ್‌ಗೆ ಹೇಳಲಿಲ್ಲ. ಬೈತಾರೆ ಅನ್ನೋ ಭಯ. ಪ್ರತಿ ತಿಂಗಳು ಡಬ್ಬಿ ತಗೊಂಡು ಹೋಗೋರು, ಮನೆಯಲ್ಲಿ ಇಡೋರು. ವರ್ಷ ಕಳೆಯೋದ್ರಲ್ಲಿ ಟಿಬಿ ಬಂದು ಮತ್ತೆ ಆಸ್ಪತ್ರೆಗೆ ಬಂದರು. ಒಂದು ಮಾತು ಕೇಳೋಕೆ ಆಗದೆ ಹೋಗಿದ್ದಕ್ಕೆ ಅವರು ತೆತ್ತ ಬೆಲೆ ಅದು.

ನಾನು ಆಗ ರಾತ್ರಿ ಪಾಳಿಯಲ್ಲಿ ಕೆಲಸ ಮಾಡ್ತಿದ್ದೆ. ಮಲಗೋ ಮುಂಚೆ ತಗೊಳ್ಳಬೇಕಾದ ಮಾತ್ರೆ ನನ್ನ ಗಡಿಯಾರಕ್ಕೆ ಹೊಂದುತ್ತಿರಲಿಲ್ಲ. ಮೊದಲ ಸಲ ಹೇಳಿದಾಗ ಅಭ್ಯಾಸ ಆಗುತ್ತೆ ಹೋಗಿ ಅನ್ನೋ ಉತ್ತರ ಬಂತು. ಮುಂದಿನ ಸಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಯಾವ ಹೊತ್ತಿಗೆ ಮಾತ್ರೆ, ಯಾವ ಹೊತ್ತಿಗೆ ತಲೆಸುತ್ತು, ವಾರಕ್ಕೆ ಎಷ್ಟು ದಿನ ನಿದ್ದೆ ಇಲ್ಲ, ಜೊತೆಗೆ ಇನ್ಯಾವ ಮಾತ್ರೆ ತಗೊಳ್ತೀನಿ. ಅವತ್ತು ಇದ್ದ ಮೇಡಂ ಹಾಳೆ ಇಸ್ಕೊಂಡು ಪೂರ್ತಿ ಓದಿದರು. ಆಮೇಲೆ ನಡೆದದ್ದು ನಿಜವಾದ ಮಾತುಕತೆ.

ಮೊದಲು ವೈರಲ್ ಲೋಡ್ ನೋಡೋಣ ಅಂದರು. ವೈರಸ್ ಹತೋಟಿಯಲ್ಲಿದ್ದು ಅಡ್ಡ ಪರಿಣಾಮಕ್ಕಾಗಿ ಮಾತ್ರೆ ಬದಲಾಯಿಸೋದು ಬೇರೆ, ಮಾತ್ರೆಯೇ ಸೋತು ಬದಲಾಯಿಸೋದು ಬೇರೆ ಅಂತ ವಿವರಿಸಿದರು. ಹೆಪಟೈಟಿಸ್ ಬಿ ಇದೆಯಾ ಅಂತ ನೋಡಿದರು, ಯಾಕಂದರೆ ನಮ್ಮ ಮಾತ್ರೆಯಲ್ಲಿರೋ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಅದನ್ನೂ ತಡೆಹಿಡಿದಿರುತ್ತೆ, ದಿಢೀರ್ ನಿಲ್ಲಿಸಿದರೆ ಲಿವರ್‌ಗೆ ಅಪಾಯ. ಟಿಬಿ ಔಷಧಿ ರಿಫಾಂಪಿಸಿನ್ ತಗೊಳ್ತಿದ್ದರೆ ಹೊಸ ಮಾತ್ರೆಯಲ್ಲಿರೋ ಡೊಲುಟೆಗ್ರವಿರ್ ದಿನಕ್ಕೆ ಎರಡು ಸಲ ಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಮಾಣ ನೋಡಿಕೊಳ್ಳಬೇಕು. ಆಸಿಡಿಟಿ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಸಮಯವನ್ನ ಕೇಳಿ ಹೊಂದಿಸಿಕೊಳ್ಳಬೇಕು. ತೂಕ ಏರಬಹುದು, ನಿದ್ದೆ ಕೆಡಬಹುದು, ಅದನ್ನೂ ಬಂದು ಹೇಳಿ ಅಂದರು. ಎಲ್ಲ ಸೇರಿ ಹದಿನೈದು ನಿಮಿಷ. ಟಿಎಲ್‌ಡಿಗೆ ಬದಲಾದ ಮೇಲೆ ನನ್ನ ತಲೆಸುತ್ತು ನಿಂತಿತು.

ಡೊಲುಟೆಗ್ರವಿರ್ ಹಿಂದೆಯೂ ಇಂಥದ್ದೇ ಜಗಳ ಇದೆ. ಗರ್ಭ ಧರಿಸುವ ಹೊತ್ತಲ್ಲಿ ತಗೊಂಡರೆ ಮಗುವಿನ ಬೆನ್ನುಹುರಿಗೆ ತೊಂದರೆ ಆಗಬಹುದು ಅಂತ 2018ರಲ್ಲಿ ಬೋಟ್ಸ್ವಾನಾದಿಂದ ಎಚ್ಚರಿಕೆ ಬಂತು. ಹಲವು ದೇಶಗಳು ಹೆಣ್ಣುಮಕ್ಕಳಿಗೆ ಆ ಮಾತ್ರೆಯನ್ನೇ ತಡೆಹಿಡಿದವು. ಆಫ್ರಿಕಾದ ಎಚ್‌ಐವಿ ಪಾಸಿಟಿವ್ ಹೆಣ್ಣುಮಕ್ಕಳು ಕಿಗಾಲಿಯಲ್ಲಿ ಸೇರಿ, ಅಪಾಯ ಏನು ಅಂತ ನಮಗೆ ಹೇಳಿ, ಆರಿಸೋದು ನಾವು ಅಂದರು. ಹೆಚ್ಚಿನ ಅಂಕಿಅಂಶ ಬಂದಾಗ ಆ ಅಪಾಯ ಮೊದಲು ಕಂಡದ್ದಕ್ಕಿಂತ ಬಹಳ ಕಡಿಮೆ ಅಂತ ಗೊತ್ತಾಯ್ತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಅದನ್ನೇ ಶಿಫಾರಸು ಮಾಡಿತು. ಡೆನ್ವರ್ ಹಾಳೆ ಓದಿದವರಿಗೆ ಇದು ಹೊಸ ಮಾತಲ್ಲ.

ಕೇಳೋದು, ಕೇಳಿಸಿಕೊಳ್ಳೋದು

ಕ್ಯಾಲೆನ್ ಬದುಕಿನಿಂದ ನಾನು ತಗೊಂಡದ್ದು ಇಷ್ಟು. ಬ್ಯಾಕ್ಟ್ರಿಮ್ ವಿಷಯದಲ್ಲಿ ಆತ ಪ್ರಶ್ನೆಯ ಜೊತೆ ಪುರಾವೆ ಇಟ್ಟ, ಪುರಾವೆ ಸಾಲದು ಅಂದಾಗ ಅದನ್ನ ಹುಟ್ಟಿಸೋ ಸಂಸ್ಥೆಯನ್ನೇ ಕಟ್ಟಿದ. ಎಚ್‌ಐವಿ ವಿಷಯದಲ್ಲಿ ಪುರಾವೆ ಎದುರಿಗಿದ್ದರೂ ಅನುಮಾನವನ್ನೇ ಹಿಡಿದುಕೊಂಡ. ಎರಡೂ ಒಬ್ಬನೇ ಮನುಷ್ಯ. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ಮಾತ್ರೆ ಬಿಡೋರು ಡಾಕ್ಟರನ್ನ ಪ್ರಶ್ನೆ ಮಾಡ್ತಿಲ್ಲ, ಡಾಕ್ಟರ್ ಜಾಗಕ್ಕೆ ಇನ್ನೊಬ್ಬ ದೇವರನ್ನ ಕೂರಿಸ್ತಿದ್ದಾರೆ ಅಷ್ಟೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಿವಿ ಕೊಡಬೇಕು. ಮಾತ್ರೆ ಬದಲಾಗೋವರೆಗೆ ಇರೋ ಮಾತ್ರೆ ನಿಲ್ಲಿಸಬಾರದು.

ಇದು ರೋಗಿ ಒಬ್ಬರ ಧೈರ್ಯದಿಂದ ಮುಗಿಯೋ ವಿಷಯವೂ ಅಲ್ಲ. ದಿನಕ್ಕೆ ನೂರಾರು ಜನರನ್ನ ನೋಡಬೇಕಾದ ವೈದ್ಯರಿಗೆ ಹದಿನೈದು ನಿಮಿಷ ಎಲ್ಲಿಂದ ಬರಬೇಕು? ಗಾರೆ ಕೆಲಸದವರಿಗೆ, ಕನ್ನಡ ಓದೋಕೆ ಬಾರದವರಿಗೆ, ಟ್ರಾನ್ಸ್ ಹೆಣ್ಣುಮಕ್ಕಳಿಗೆ, ಲೈಂಗಿಕ ಕಾರ್ಮಿಕರಿಗೆ ಅದೇ ಕುರ್ಚಿ ಸಿಗುತ್ತಾ? 2022ರಲ್ಲಿ ಔಷಧಿ ದಾಸ್ತಾನು ಖಾಲಿಯಾದಾಗ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಎದುರು ಎಚ್‌ಐವಿಯೊಂದಿಗೆ ಬದುಕುವವರು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಕಪಾಟಿನಲ್ಲಿ ಮಾತ್ರೆಯೇ ಇಲ್ಲದಿದ್ದರೆ ಯಾವ ಮಾತ್ರೆ ಅಂತ ಚರ್ಚೆ ಮಾಡೋದಾದರೂ ಹೇಗೆ? 2017ರ ಕಾಯ್ದೆಯಲ್ಲಿ ಚಿಕಿತ್ಸೆ ಕೊಡುವ ಸರ್ಕಾರದ ಹೊಣೆಯ ಪಕ್ಕದಲ್ಲೇ, ಸಾಧ್ಯವಾದಷ್ಟು ಮಟ್ಟಿಗೆ ಅನ್ನೋ ಷರತ್ತು ಸೇರಿಸಿದ್ದಾರೆ. ಹೋರಾಟಗಾರರು ಮೊದಲ ದಿನದಿಂದ ವಿರೋಧಿಸಿದ ಷರತ್ತು ಅದು, ಇವತ್ತೂ ಅಲ್ಲೇ ಇದೆ.

ನೀವು ಯಾವ ಕಾಯಿಲೆಗಾದರೂ ಔಷಧಿ ತಗೊಳ್ತಿರಿ, ಅಥವಾ ಮನೆಯಲ್ಲಿ ಅಮ್ಮನನ್ನೋ ಅಜ್ಜನನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿರಿ. ಮುಂದಿನ ಸಲ ಹೋಗುವಾಗ ಒಂದು ಹಾಳೆ, ಒಂದು ಪೆನ್ನು ಜೇಬಿನಲ್ಲಿರಲಿ. ಇದು ಯಾಕೆ, ತೊಂದರೆ ಏನಾಗಬಹುದು, ಬೇರೆ ದಾರಿ ಇದೆಯಾ, ಬದಲಾಯಿಸಿದರೆ ಏನು ನೋಡಿಕೊಳ್ಳಬೇಕು ಅಂತ ನಾಲ್ಕು ಸಾಲು ಬರೆದುಕೊಳ್ಳಿ. ಕೇಳೋಕೆ ಆಗದವರ ಪಕ್ಕ ಕೂತು ಅವರ ಪರವಾಗಿ ಕೇಳಿ.